ನಾದಿನಿಯ ಪಾಚಿಯನ್ನು ಹುಡುಕಿಕೊಂಡು

ಅರಸೀಕೆರೆ

ನಮ್ಮ ಮನೆಯಲ್ಲಿ ಮೊದಲು ಪಾಸ್‌ಪೋರ್ಟು ಮಾಡಿಸಿದವರು ನಮ್ಮ ಯಜಮಾನರು. ಕೊಬ್ಬರಿ ವ್ಯಾಪಾರಕ್ಕೆ ದುಬೈಗೆ ಹೋಗಿಬರಬೇಕು ಅಂತ ಮಾಡಿಸಿದ್ದು, ಹೋಗಲಿಲ್ಲ. ಜೊತೆಗೆ ನನ್ನದನ್ನೂ ಮಾಡಿಸಿದ್ದರು. ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಕೂತಿತ್ತು. ಕೊನೆಗೆ ಅದು ನನ್ನನ್ನು ಕರೆದುಕೊಂಡು ಹೋದದ್ದು ಉತ್ತರ ಧ್ರುವದ ಹತ್ತಿರದ ಒಂದು ದ್ವೀಪಕ್ಕೆ, ಪಾಚಿ ಹುಡುಕುವುದಕ್ಕೆ.

ಪಾಚಿ ನನ್ನ ನಾದಿನಿ ಗಿರಿಜಾಳದು. ಅವಳು ಬೇಲೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ. ಮದುವೆ ಬೇಡ ಅಂದಳು. ಮನೆಯವರು ಸ್ವಲ್ಪ ಕಾಲ ಬಲವಂತ ಮಾಡಿ ಸುಸ್ತಾಗಿ ಬಿಟ್ಟರು. ಎರಡು ಬೇಸಿಗೆ ಹಿಂದೆ ಸ್ವಾಲ್‌ಬಾರ್ಡ್ ಎಂಬ ಆ ನಾರ್ವೆಯ ದ್ವೀಪಕ್ಕೆ ತರಬೇತಿಗೆ ಹೋಗಿದ್ದವಳು ಅಲ್ಲಿನ ಸಣ್ಣ ಕೊಳವೊಂದರಿಂದ ಒಂದಿಷ್ಟು ನೀರು ತಂದಿದ್ದಳು. ಅದರಲ್ಲಿ ಬರಿಗಣ್ಣಿಗೆ ಕಾಣದ ಒಂದು ಹಸಿರು ಜೀವ ಇತ್ತು. ಚಳಿಯಲ್ಲಿ ಮಾತ್ರ ಬದುಕುವಂಥದ್ದು. ನಮಗೆ ಹಿತವಾದ ಹವೆ ಅದಕ್ಕೆ ಬೆಂಕಿ. ಅದನ್ನು ಐಸು ತುಂಬಿದ ಪೆಟ್ಟಿಗೆಯಲ್ಲಿ ಹೊತ್ತು ತಂದು, ಕಾಲೇಜಿನ ತಂಪು ಕಪಾಟಿನಲ್ಲಿಟ್ಟು ಬೆಳೆಸುತ್ತಿದ್ದಳು. ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರೂ ಅದರ ಚಿತ್ರ ಎಲ್ಲೂ ಇರಲಿಲ್ಲವಂತೆ.

“ಅತ್ತಿಗೆ, ಇದು ಹೊಸದು ಅನ್ಸುತ್ತೆ,” ಅಂತ ಒಂದು ದಿನ ನನ್ನ ಹತ್ತಿರ ಹೇಳಿದಳು. ಹೇಳುವಾಗ ಬಾಗಿಲ ಕಡೆ ಒಮ್ಮೆ ನೋಡಿದಳು.

ಆಮೇಲೆ ಆಯುಧಪೂಜೆ ಬಂತು.

ನಮ್ಮಲ್ಲಿ ಆಯುಧಪೂಜೆ ಅಂದರೆ ಗೊತ್ತಲ್ಲ. ಮಿಕ್ಸಿಯಿಂದ ಹಿಡಿದು ಲಾರಿಯವರೆಗೆ ಎಲ್ಲವನ್ನೂ ತೊಳೆದು, ಒರೆಸಿ, ಕುಂಕುಮ ಇಟ್ಟು, ಆ ದಿನ ಅವುಗಳಿಗೆ ಕೆಲಸ ಕೊಡದೆ ಸುಮ್ಮನೆ ಬಿಡುತ್ತೇವೆ. ಗಿರಿಜಾಳ ಕಾಲೇಜಿನ ಅಟೆಂಡರ್ ಸಿದ್ದಣ್ಣ ಭಕ್ತಿಯ ಮನುಷ್ಯ. ರಜೆಗೆ ಮೊದಲು ಲ್ಯಾಬಿನ ಯಂತ್ರಗಳನ್ನೆಲ್ಲ ಆರಿಸಿದ, ಒರೆಸಿದ, ಚೆಂಡು ಹೂವಿನ ಹಾರ ಹಾಕಿದ. ರಜೆ ಮುಗಿಸಿ ಬಂದ ಗಿರಿಜಾಳಿಗೆ ಅವನೇ ಸಂಭ್ರಮದಿಂದ ಬಾಗಿಲು ತೆಗೆದು, “ಎಲ್ಲಕ್ಕಿಂತ ಮುಂಚೆ ನಿಮ್ ಪೆಟ್ಟಿಗೇನೇ ಒರೆಸಿ ಕುಂಕುಮ ಇಟ್ಟೆ ಕಣಮ್ಮ. ನಿಮಗೆ ಅದು ಅಂದ್ರೆ ಪ್ರಾಣ ಅಲ್ವ್ರಾ,” ಅಂದನಂತೆ.

ಒಳಗಿದ್ದ ಗಾಜಿನ ಬುಡ್ಡಿಗಳೆಲ್ಲ ಬೆಚ್ಚಗಾಗಿದ್ದವು. ಹಸಿರು ಹೋಗಿ ತೊಳೆದ ಅಕ್ಕಿನೀರಿನ ಬಣ್ಣ ಬಂದಿತ್ತು. ಗಿರಿಜಾ ನನಗೆ ಫೋನ್ ಮಾಡಿದಳು. “ಏನಂತ ಬಯ್ಯಲಿ ಅತ್ತಿಗೆ? ಪೂಜೆ ಮಾಡಿದ್ಯಾಕೆ ಅಂತ ಬಯ್ಯಲಾ?” ಅಂದಳು. ಆದರೆ ಆ ದೀಪಾವಳಿಗೆ ಅವಳು ನಮ್ಮ ಮನೆಯಲ್ಲಿ ಒಂದು ಹೋಳಿಗೆಯನ್ನೂ ಪೂರ್ತಿ ತಿನ್ನಲಿಲ್ಲ.

ಉಳಿದದ್ದು ಫೋಟೋಗಳು ಮಾತ್ರ. ಆ ದ್ವೀಪದಲ್ಲಿ ಕೆಲಸ ಮಾಡುವ ಸೂಲ್ವಾಯ್ ಎಂಬ ನಾರ್ವೆಯ ಹೆಂಗಸಿಗೆ ಅವನ್ನು ಕಳಿಸಿದ್ದಳು. ಆಕೆ ಪಾಚಿಗಳನ್ನು ಗುರುತಿಸಿ ವಿಂಗಡಿಸುವುದರಲ್ಲೇ ತಲೆ ನರೆಸಿಕೊಂಡವರು. ಫೋಟೋ ಸಾಲದು ಅಂದರಂತೆ. ಗೊತ್ತಿರುವ ಯಾವುದೋ ಪಾಚಿಯೇ ಚಳಿಗೆ ಸೊಟ್ಟಗಾಗಿರಬಹುದು. ಬದುಕಿರುವುದನ್ನು ತೋರಿಸು, ಅದರ ಮಕ್ಕಳಿಗೂ ಅದೇ ಆಕಾರ ಬಂದರೆ ಒಪ್ಪುತ್ತೇನೆ ಅಂದರಂತೆ. ಅಂದರೆ ಮತ್ತೆ ಅದೇ ಕೊಳಕ್ಕೆ ಹೋಗಬೇಕು. ಎಲ್ಲಾ ಏರ್ಪಾಡಾಗಿ, ರಜೆಯೂ ಸಿಕ್ಕಿ, ಹೊರಡುವುದಕ್ಕೆ ಸ್ವಲ್ಪ ಮೊದಲು ಗಿರಿಜಾ ಬೇಲೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು.

ಹಿಟ್ಟಿನ ಬಣ್ಣದ ಪ್ಲಾಸ್ಟರ್ ಪಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯಲ್ಲಿ ಕೂತು, “ಅತ್ತಿಗೆ, ನನ್ನ ಬಲಗೈಯಾಗಿ ಬರ್ತೀರಾ?” ಅಂದಳು.

“ನಾನಾ? ನನಗೇನು ಗೊತ್ತು ಪಾಚಿ?”

“ಪಾಚಿ ನನಗೆ ಗೊತ್ತು. ನೀವು ಜಡೆ ಹಾಕಿ, ಬ್ಯಾಗು ಹಿಡೀರಿ, ಸಾಕು.”

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಹೋಗ್ಬಾ ಕಣೇ. ನಾನಂತೂ ದುಬೈಗೆ ಹೋಗ್ಲಿಲ್ಲ. ನೀನು ಪಾಚಿಗಾದ್ರೂ ಹೋಗು.”

ಓಸ್ಲೊ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗಿಕೊಂಡಿತು. ಎತ್ತರದ ಹುಡುಗನೊಬ್ಬ, ಕೆನ್ನೆ ಎಲ್ಲಾ ಕೆಂಪು, ಇದರೊಳಗೆ ಏನಿದೆ ಅಂತ ಕೇಳಿದ.

ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಇಂಗ್ಲಿಷ್ ಕಲಿತವಳು ನಾನು. ಹಾಸ್ಟೆಲಿನಲ್ಲಿ ಬೆಳಿಗ್ಗೆ ಅವರು ಅವರ ಪ್ರಾರ್ಥನೆ ಮುಗಿಸುವಷ್ಟರಲ್ಲಿ ನಾವು ನಾಲ್ಕಾರು ಹುಡುಗಿಯರು ಮೂಲೆಯಲ್ಲಿ ಕೂತು ನಮ್ಮ ಲಿಂಗಪೂಜೆ ಮುಗಿಸಿಕೊಳ್ಳುತ್ತಿದ್ದೆವು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ ನನಗೆ ಅಭ್ಯಾಸವೇ ಇರಲಿಲ್ಲ. “ನನ್ನ ದೇವರು,” ಅಂದುಬಿಟ್ಟೆ.

ಹುಡುಗ ಯೋಚಿಸಿದ. ಹಾಕಿಕೊಂಡಿದ್ದ ಕೈಗವಸು ತೆಗೆದು ಎಸೆದು, ಹೊಸದು ಹಾಕಿಕೊಂಡ. ಆಮೇಲೂ ಮುಟ್ಟಲಿಲ್ಲ. “ನೀವೇ ತೆರೆದು ತೋರಿಸುತ್ತೀರಾ?” ಅಂದ. ತೆರೆದೆ. ಅಂಗೈಯಲ್ಲಿದ್ದ ಆ ಕಪ್ಪು ಲಿಂಗವನ್ನು ಅವನು ಬಗ್ಗಿ ನೋಡಿದ, ಉಸಿರು ತಾಗಬಾರದು ಅನ್ನುವಷ್ಟು ದೂರದಿಂದ. “ತೋರಿಸಿದ್ದಕ್ಕೆ ಥ್ಯಾಂಕ್ಯೂ,” ಅಂದ.

ಗಿರಿಜಾ ಆಚೆ ನಿಂತು ಎಡಗೈಯಲ್ಲಿ ಶೂ ಏರಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದಳು. ನಾನು ಕೂತು ಲೇಸು ಕಟ್ಟುವಾಗ, “ಏನಾಯ್ತು ಅತ್ತಿಗೆ, ಅಷ್ಟು ಹೊತ್ತು?” ಅಂದಳು.

“ಏನಿಲ್ಲ. ಒಬ್ಬ ಒಳ್ಳೆ ಹುಡುಗ ಸಿಕ್ಕಿದ್ದ.”

ಚಪ್ಪಲಿ ಬಿಡುವ ಊರು

ಆ ದ್ವೀಪದ ಊರಿನ ಹೆಸರು ಲಾಂಗಿಯರ್‌ಬೀನ್. ಹೇಳಲು ಬಾಯಿ ತಿರುಗದೆ ನಾನು ಮೊದಲ ದಿನವೆಲ್ಲ ‘ಆ ಊರು’ ಅಂತಲೇ ಅಂದೆ. ಇಳಿದ ಕೂಡಲೇ ನನ್ನ ಕಣ್ಣಿಗೆ ಏನೋ ಕಡಿಮೆ ಅನ್ನಿಸಿತು, ಏನು ಅಂತ ಹೊಳೆಯಲಿಲ್ಲ. ಅತಿಥಿಗೃಹದ ಕಿಟಕಿಯ ಹತ್ತಿರ ನಿಂತಾಗ ಹೊಳೆಯಿತು. ಮರ ಇಲ್ಲ. ಒಂದೂ ಇಲ್ಲ. ಅರಸೀಕೆರೆಯಿಂದ ಕಣಕಟ್ಟೆಗೋ ಗಂಡಸಿ ಊರಿಗೋ ಹೋಗುವಾಗ ನಮಗೆ ದೂರ ಗೊತ್ತಾಗುವುದೇ ತೆಂಗಿನ ಮರದಿಂದ. ಅಗೋ ಆ ತೋಟದ ಆಚೆ, ಈ ತೋಟದ ಈಚೆ ಅಂತ. ಇಲ್ಲಿ ಕಣ್ಣಿಗೆ ಹಿಡಿಕೆಯೇ ಇಲ್ಲ. ಎದುರಿನ ಬೆಟ್ಟ ನಮ್ಮ ಸ್ಟೇಷನ್ನಿನಿಂದ ಸಂತೆ ಮೈದಾನದಷ್ಟು ದೂರ ಅಂದುಕೊಂಡು, ಊಟಕ್ಕೆ ಮುಂಚೆ ಹೋಗಿಬರೋಣವೇ ಅಂದೆ. ನಮ್ಮನ್ನು ವಿಮಾನದಿಂದ ಕರೆತಂದಿದ್ದ ಸೂಲ್ವಾಯ್ ಜೋರಾಗಿ ನಕ್ಕರು. ಅಲ್ಲಿಗೆ ದೋಣಿಯಲ್ಲಿ ಹೋಗಬೇಕಂತೆ. ಮಧ್ಯೆ ಸಮುದ್ರ ಇದೆಯಂತೆ!

ಸೂಲ್ವಾಯ್‌ಗೆ ಅರವತ್ತು ದಾಟಿರಬೇಕು. ಬಿಳಿ ಕೂದಲು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಮಾತು ಕಡಿಮೆ. ನಾವು ವಿಮಾನ ಇಳಿದಾಗ ಗಿರಿಜಾಳನ್ನು ಅಪ್ಪಿಕೊಂಡರು, ಪಟ್ಟು ಹಾಕಿದ ಕೈ ನೋಡಿದರು, ನನ್ನನ್ನು ನೋಡಿದರು. “ಇವರು ಯಾರು?”

“ನನ್ನ ಕೈ,” ಅಂದಳು ಗಿರಿಜಾ.

ಊರೊಳಗೆ ನನಗೆ ಮೊದಲ ಸಮಾಧಾನ ಸಿಕ್ಕಿದ್ದು ಬಾಗಿಲಲ್ಲಿ. ಅತಿಥಿಗೃಹ, ಮ್ಯೂಸಿಯಂ, ಕಡೆಗೆ ಸೂಲ್ವಾಯ್ ಕೆಲಸ ಮಾಡುವ ಪ್ರಯೋಗಾಲಯದ ಕಟ್ಟಡ, ಎಲ್ಲೆಡೆ ಜನ ಶೂ ಕಳಚಿಟ್ಟು ಕಾಲುಚೀಲದಲ್ಲಿ ಒಳಗೆ ಓಡಾಡುತ್ತಾರೆ. ಹಿಂದೆ ಕಲ್ಲಿದ್ದಲ ಗಣಿಯವರ ಊರಂತೆ. ಕಪ್ಪು ಧೂಳು ಒಳಗೆ ಬರಬಾರದು ಅಂತ ಶುರುವಾದ ಪದ್ಧತಿ, ಗಣಿಗಳು ಮುಚ್ಚಿದರೂ ಉಳಿದಿದೆ. ದೊಡ್ಡ ದೊಡ್ಡ ವಿಜ್ಞಾನಿಗಳು ತೂತು ಬಿದ್ದ ಕಾಲುಚೀಲದಲ್ಲಿ ಹೆಬ್ಬೆರಳು ತೋರಿಸಿಕೊಂಡು ಗಂಭೀರವಾಗಿ ಮಾತಾಡುವುದನ್ನು ನೋಡಿದೆ. ಭೂಮಿಯ ಅಂಚಿಗೆ ಬಂದು ಹೊಸಿಲಲ್ಲಿ ಚಪ್ಪಲಿ ಬಿಟ್ಟೆನಲ್ಲ ಅಂತ ನನಗೆ ತವರಿಗೆ ಬಂದಷ್ಟು ಖುಷಿಯಾಯಿತು.

ಆದರೆ ಸಂಜೆ ಅನ್ನುವುದು ಬರಲೇ ಇಲ್ಲ. ಆ ತಿಂಗಳು ಅಲ್ಲಿ ಸೂರ್ಯ ಮುಳುಗುವುದಿಲ್ಲ, ಕಾವಲುಗಾರನ ಹಾಗೆ ಸುತ್ತು ಹಾಕುತ್ತಾನೆ. ದೀಪ ಹಚ್ಚುವ ಹೊತ್ತು ಯಾವುದು? ಗಿರಿಜಾಳನ್ನು ಕೇಳಿದರೆ, “ಅಣ್ಣನಿಗೆ ಫೋನ್ ಮಾಡಿ, ಅರಸೀಕೆರೇಲಿ ಕತ್ತಲಾಯ್ತಾ ಅಂತ ಕೇಳಿ, ಹಚ್ಚಿ,” ಅಂದಳು. ಹಾಗೇ ಮಾಡಿದೆ. ದಿನವೂ ಯಜಮಾನರು ಅಲ್ಲಿಂದ, “ಹೂಂ, ಬೀದಿ ದೀಪ ಬಂತು ನೋಡು, ಹಚ್ಕೋ,” ಅನ್ನುತ್ತಿದ್ದರು.

ಕೊಳ ಇದ್ದ ಜಾಗ

ಊರಿನಿಂದ ಹೊರಗೆ ಕಾಲಿಡುವಾಗ ಸೂಲ್ವಾಯ್ ಹೆಗಲಿಗೆ ಕೋವಿ ಏರಿಸಿದರು. ಬಿಳಿ ಕರಡಿಯ ಭಯಕ್ಕೆ. ನಮ್ಮ ಬಿಕ್ಕೋಡಿನ ಕಡೆ ಎಸ್ಟೇಟಿನವರು ಆನೆ ಬಂದಿದೆಯಾ ಅಂತ ವಿಚಾರಿಸಿಕೊಂಡು ಹೊರಡುವ ಹಾಗೆ, ಇಲ್ಲಿ ಕರಡಿ ಬಂದಿದೆಯಾ ಅಂತ ವಿಚಾರಿಸಿಕೊಂಡು ಹೊರಡುತ್ತಾರೆ. ನಾನು ಹಿಡಿದದ್ದು ಕೊಡೆ. ಅಲ್ಲಿ ಟರ್ನ್ ಅನ್ನುವ ಬಿಳಿ ಹಕ್ಕಿ ಇದೆ. ಅದರ ಗೂಡಿನ ಹತ್ತಿರ ಸುಳಿದರೆ ನೆತ್ತಿಗೇ ಕುಕ್ಕುತ್ತದೆ. ಕುಕ್ಕಿತು. ಕೊಡೆ ಬಿಚ್ಚಿದೆ. ಹಕ್ಕಿ ನನ್ನ ಅರಸೀಕೆರೆಯ ಕೊಡೆಯ ಮೇಲೆ ಟಪಟಪ ಹೊಡೆಯುತ್ತಾ ಬೈದುಕೊಂಡು ಬಂತು. ಕೋವಿ ಹೊತ್ತ ಸೂಲ್ವಾಯ್ ಕೂಡ ಕೊಡೆಯೊಳಗೆ ನುಸುಳಿದರು.

ಒಂದು ಕಡೆ ಅವರು ನಿಂತು, “ಈಗ ನಾವು ಕಾಡಿನ ಮೇಲೆ ನಡೆಯುತ್ತಿದ್ದೇವೆ,” ಅಂದರು. ತಮಾಷೆ ಅಂದುಕೊಂಡೆ. ಬಗ್ಗಿ ತೋರಿಸಿದರು. ನನ್ನ ಉಗುರಿನಷ್ಟಗಲದ ಎಲೆಗಳ ಗಿಡ, ನೆಲಕ್ಕೆ ಅಂಟಿಕೊಂಡಿದೆ. ಅದು ಮರವಂತೆ. ಕಾಂಡ ನೆಲದೊಳಗೆ, ಎಷ್ಟೋ ವರ್ಷದ್ದು. ನನಗೆ ಕಾಲು ಎತ್ತಿಡಲು ಭಯವಾಯಿತು.

ಆಮೇಲೆ ಒಂದು ಇಳಿಜಾರಿನಲ್ಲಿ ಉಳಿದ ಹಿಮ. ಅದರ ಮೇಲೆ ಯಾರೋ ಆರತಿ ನೀರು ಚೆಲ್ಲಿದ ಹಾಗೆ ಕೆಂಪು. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಬರುತ್ತದಲ್ಲ, ಥೇಟ್ ಅದೇ ಬಣ್ಣ. ಅವರಿಬ್ಬರೂ ಮುಂದೆ ಹೋಗುತ್ತಿದ್ದರು. ನನ್ನ ಕಾಲು ತಾನಾಗಿಯೇ ಪಕ್ಕಕ್ಕೆ ತಿರುಗಿತು. ದೃಷ್ಟಿ ತೆಗೆದು ಚೆಲ್ಲಿದ ನೀರನ್ನು ದಾಟಬಾರದು ಅಂತ ಚಿಕ್ಕಂದಿನಿಂದ ಕಾಲಿಗೆ ಅಭ್ಯಾಸ. ಕೆಂಪಿನ ಅಂಚು ಹಿಡಿದು ಸುತ್ತು ಬಳಸಿ, ಏದುಸಿರು ಬಿಡುತ್ತಾ ಬಂದು ಸೇರಿಕೊಂಡೆ.

ಸೂಲ್ವಾಯ್ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. “ಇವರು ಪಾಚಿಯನ್ನು ತುಳಿಯಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ಇಡೀ ಬೇಸಿಗೆ ಬೇಕು,” ಅಂದರು ಗಿರಿಜಾಳಿಗೆ.

ಆ ಕೆಂಪು ಕೂಡ ಪಾಚಿಯೇ ಅಂತ ನನಗೆ ಗೊತ್ತಾದದ್ದು ಆಗ. ಹಿಮದಲ್ಲೇ ಹುಟ್ಟಿ, ಬಿಸಿಲಿನ ಝಳ ತಡೆಯಲು ಕೆಂಪು ಹೊದ್ದುಕೊಳ್ಳುತ್ತದಂತೆ. ಗಿರಿಜಾಳಿಗೆ ನಿಜ ಗೊತ್ತು. ಕನ್ನಡದಲ್ಲಿ, “ದೃಷ್ಟಿ ನೀರು ಅಂದ್ಕೊಂಡ್ರಾ ಅತ್ತಿಗೆ?” ಅಂದಳು.

“ಸುಮ್ನಿರೇ. ಹೊಗಳ್ತಾ ಇದಾರೆ, ಹೊಗಳ್ಲಿ.”

ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಕೊನೆ. ಮುಂದಿನ ದಿಬ್ಬ ಹತ್ತಿ ಇಳಿದರೆ ಕೊಳ ಇರಬೇಕಿತ್ತು. ಇರಲಿಲ್ಲ.

ಅಲ್ಲಿ ಒಣಗಿ ಬಿರಿದ ಮಣ್ಣಿನ ಒಂದು ತಟ್ಟೆ ಇತ್ತು, ಅಷ್ಟೆ. ನಡುವೆ ಉದ್ದಕ್ಕೆ ಒಂದು ಸೀಳು. ನೆಲದಡಿಯಲ್ಲಿ ಎಂದೂ ಕರಗದ ಹಿಮ ಇತ್ತಂತೆ, ಅದೇ ಕೊಳದ ತಳ. ಈಗ ಅದೂ ಕರಗುತ್ತಿದೆ, ತಳ ಬಿರುಕು ಬಿಟ್ಟು ನೀರು ಇಂಗಿಹೋಗಿದೆ ಅಂತ ಸೂಲ್ವಾಯ್ ವಿವರಿಸಿದರು. ಗಿರಿಜಾ ಕೇಳಿಸಿಕೊಳ್ಳುತ್ತಿರಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆಯಲು ನನಗೆ ಹೇಳಿದ್ದಳು. ನಾನು ಖಾಲಿ ಬಾಟಲಿ ಹಿಡಿದು ನಿಂತಿದ್ದೆ. ಅವಳು ಮಣ್ಣಿನ ಅಂಚಿಗೆ ಹೋಗಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಬೆಳಿಗ್ಗೆ ಹಾಕಿದ ಜಡೆ ಗಾಳಿಗೆ ಬಿಚ್ಚಿಕೊಳ್ಳುತ್ತಿತ್ತು.

ಬಾಯಿಗೆ ಬಂದದ್ದು ಹೇಳಿದೆ. “ಕಣಕಟ್ಟೆ ಕಡೆ ಕೆರೆ ಒಣಗಿದ್ದಾಗ್ಲೂ ಹಿಂಗೇ ಕಾಣುತ್ತೆ ಗಿರಿಜಾ. ಒಂದು ಮಳೆ ಬಿದ್ರೆ ಬೆಳಗಾಗೋದ್ರೊಳಗೆ ಕಪ್ಪೆ ವಟಗುಟ್ಟುತ್ತೆ. ಎಲ್ಲಿದ್ವೋ ಏನೋ ಅಲ್ಲೀವರ್ಗೂ.”

ಅವಳು ಇಂಗ್ಲಿಷಿನಲ್ಲಿ ಅದನ್ನು ಸೂಲ್ವಾಯ್‌ಗೆ ಹೇಳಿದಳು, ಅತ್ತಿಗೆ ಸಮಾಧಾನ ಮಾಡುತ್ತಿದ್ದಾರೆ ಅನ್ನುವ ಧಾಟಿಯಲ್ಲಿ. ಸೂಲ್ವಾಯ್ ಆಗಲೇ ಮೊಣಕಾಲೂರಿ ಚಮಚದಿಂದ ಮಣ್ಣಿನ ಹಕ್ಕಳೆ ಕೆರೆದು ಡಬ್ಬಿಗೆ ತುಂಬುತ್ತಿದ್ದರು. ಕೆಲವು ಪಾಚಿಗಳು ಒಣಗುವ ಮೊದಲು ದಪ್ಪ ಹೊದಿಕೆ ಎಳೆದುಕೊಂಡು ಮಲಗುತ್ತವೆ, ಎದ್ದರೂ ಏಳಬಹುದು, ನಾನು ಮಾತು ಕೊಡುವುದಿಲ್ಲ ಅಂದರು. ಆಮೇಲೆ ನನಗೊಂದು ಚಮಚ ಕೊಟ್ಟರು. ದೋಸೆ ಕಾವಲಿಯಿಂದ ಸೀದದ್ದನ್ನು ಎಬ್ಬಿಸುವ ಹಾಗೆ ನಾನೂ ಕೆರೆದೆ.

ತಣ್ಣನೆ ಕೋಣೆ

ಪ್ರಯೋಗಾಲಯದಲ್ಲಿ ಒಂದು ಇಡೀ ಕೋಣೆಯೇ ಫ್ರಿಜ್ಜಿನ ಹಾಗಿತ್ತು. ಅದರೊಳಗೇ ಮೈಕ್ರೋಸ್ಕೋಪು. ನಾನು ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಸೂಲ್ವಾಯ್ ಕೊಟ್ಟ ದಪ್ಪ ಕೋಟು, ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿ ಒಳಗೆ ಹೋಗುತ್ತಿದ್ದೆ. ಕರಗಿದ ಹಿಮದ ನೀರನ್ನು ಸೋಸಿ ಆ ಮಣ್ಣಿಗೆ ಹನಿಸಿ ಇಟ್ಟಿದ್ದರು. ಮೊದಲ ದಿನ ಏನೂ ಇಲ್ಲ. ಮಾರನೆಯ ದಿನವೂ ಇಲ್ಲ. ಆಮೇಲೆ ಒಂದೊಂದಾಗಿ ಏಳತೊಡಗಿದವು. ಬೇಕಾದದ್ದಲ್ಲ, ಬೇರೆ ಬೇರೆಯವು.

ಗಿರಿಜಾ ಮೊದಲ ಸಲ ನನ್ನನ್ನು ಕೂರಿಸಿ, “ನೋಡಿ ಅತ್ತಿಗೆ,” ಅಂದಾಗ ನಾನು ನೋಡಿದ್ದನ್ನು ಹೇಗೆ ಹೇಳಲಿ?

ನನ್ನ ತವರು ಹಳೇಬೀಡು. ಶಾಲೆಗೆ ರಜೆ ಬಂದರೆ ಬಂದ ನೆಂಟರಿಗೆಲ್ಲ ದೇವಸ್ಥಾನ ತೋರಿಸುವ ಕೆಲಸ ನಮ್ಮದು. ಕೆಳಗಿನ ಆನೆ ಸಾಲಿನಲ್ಲಿ ಒಂದು ಆನೆಯಂತೆ ಇನ್ನೊಂದಿಲ್ಲ ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ. ನಿಜಕ್ಕೂ ನಿಂತು ನೋಡಿದ್ದು ಕಡಿಮೆ. ಇಲ್ಲಿ, ಆ ಒಂದು ಹನಿ ಕೊಳೆನೀರಿನಲ್ಲಿ, ಹಸಿರು ಮಣಿಸರ, ಗಾಜಿನ ದೋಣಿ, ಅಂಚಿಗೆ ಗೆರೆ ಕೊರೆದ ಡಬ್ಬಿ, ಹಲ್ಲುಹಲ್ಲಾದ ಚಕ್ರ. ಗೆರೆಗಳ ಮಧ್ಯೆ ಗೆರೆ, ಅದರ ಮಧ್ಯೆ ಚುಕ್ಕಿ. ನಮ್ಮ ಶಿಲ್ಪಿಗಳಾದರೂ ನೋಡುವವರಿಗಾಗಿ ಕೆತ್ತಿದರು. ಇದನ್ನು ಯಾರು ನೋಡಲಿ ಅಂತ? ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ರೆಪ್ಪೆ ತಾಗಿ ಗಾಜು ಮಂಜಾದಾಗ ಗಿರಿಜಾ ಪಕ್ಕಕ್ಕೆ ಸರಿಸಿದಳು.

ಇವನ್ನೆಲ್ಲ ವಿಂಗಡಿಸುವುದು ಹೇಗೆ ಅಂತ ಕೇಳಿದೆ. ಅವಳ ಪಾಚಿ ಡೆಸ್ಮಿಡ್ ಅನ್ನುವ ಗುಂಪಿನದು. ನಡುವೆ ಸೊಂಟ, ಆಚೆಗೊಂದು ಅರ್ಧ, ಈಚೆಗೊಂದು ಅರ್ಧ, ಕನ್ನಡಿಯಲ್ಲಿ ನೋಡಿದ ಹಾಗೆ. ಪಕ್ಕದಿಂದ ನೋಡಿದರೆ ಇದರಂತೆ ಹತ್ತಾರು ಇವೆ. ಆದರೆ ನೆತ್ತಿಯ ಮೇಲಿಂದ ನೋಡಬೇಕು, ಆಗಲೇ ಕುಲ ಗೊತ್ತಾಗುವುದು. ಅವಳು ಹುಡುಕುತ್ತಿದ್ದುದಕ್ಕೆ ಮೇಲಿಂದ ಐದು ಮೂಲೆ, ಪ್ರತಿ ಮೂಲೆಯ ತುದಿ ಕವಲಾಗಿದೆ. ಗೊತ್ತಿರುವ ನೆಂಟರಿಗೆ ಆ ಕವಲು ಇಲ್ಲ. ನಾನು ಚಿಕ್ಕಂದಿನಲ್ಲಿ ಹಳೇಬೀಡಿನ ಜಗತಿಯ ಮೇಲೆ ಮೂಲೆ ಮೂಲೆ ತಿರುಗುತ್ತಾ ಓಡಿದ್ದೇನೆ. ಅದು ನಕ್ಷತ್ರದ ಆಕಾರ ಅಂತ ತಿಳಿದದ್ದು ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ನಕ್ಷೆ ಬರೆದು ತೋರಿಸಿದಾಗ. ಹಾಗಾಗಿ ಇದು ನನಗೆ ಅರ್ಥವಾಯಿತು.

ನಮ್ಮ ಕೆಲಸದ ರೀತಿ ಹೀಗಿತ್ತು. ಗಾಜಿನ ಪಟ್ಟಿಯನ್ನು ಸರಿಸುವ ತಿರುಪು ಬಲಗಡೆ. ಗಿರಿಜಾಳ ಬಲಗೈ ಪಟ್ಟಿನಲ್ಲಿ. ಅವಳು ಕಣ್ಣಿಟ್ಟು ನೋಡುವಳು, ತಿರುಪು ನನ್ನ ಕೈಯಲ್ಲಿ. “ಮುಂದೆ... ಮುಂದೆ... ಸಾಕು. ಒಂದು ಕೂದಲೆಳೆ ಕೆಳಗೆ. ಈಗ ವಾಪಸ್.” ಆನೆ ಸಾಲು ಮುಗಿಸಿ ಕುದುರೆ ಸಾಲು ಅನ್ನುವ ಹಾಗೆ, ಒಂದು ಸಾಲೂ ಬಿಡದೆ. ನನಗೆ ಏನೂ ಕಾಣುತ್ತಿರಲಿಲ್ಲ, ಅವಳ ಕಿವಿ ಮಾತ್ರ. ಚಳಿಗೆ ಕೆಂಪಾದ ಕಿವಿ, ನಾನೇ ಕೊಡಿಸಿದ ಓಲೆ. ದಿನಗಳು ಹಾಗೇ ಹೋದವು. ನಮ್ಮ ವಾಪಸ್ ವಿಮಾನ ಹತ್ತಿರ ಬಂತು. ಸೂಲ್ವಾಯ್ ಬಿಸಿ ಕಾಫಿ ತಂದು ಬಾಗಿಲಾಚೆ ಇಡುತ್ತಿದ್ದರು. ನಾನು ಕೊಟ್ಟ ಕೊಬ್ಬರಿ ಮಿಠಾಯಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುವುದನ್ನು ಅವರೇ ಕಂಡುಹಿಡಿದರು.

ಒಂದು ಮಧ್ಯಾಹ್ನ ಅವಳು “ಮುಂದೆ” ಅನ್ನಲಿಲ್ಲ. ಕಿವಿ ಅಲ್ಲಾಡಲಿಲ್ಲ.

“ಗಿರಿಜಾ?”

“ಕೈ ತೆಗೀಬೇಡಿ,” ಅಂದಳು ಪಿಸುಗುಟ್ಟಿ. “ಅಲ್ಲಾಡ್ಬೇಡಿ. ಸೂಲ್ವಾಯ್‌ನ ಕರೀರಿ.”

“ಅಲ್ಲಾಡದೆ ಹೆಂಗೆ ಕರೀಲೇ?”

ಕೊನೆಗೆ ಕೂತಲ್ಲಿಂದಲೇ ಕೂಗಿದೆ. ನಮ್ಮ ಕೊಬ್ಬರಿ ಮಂಡಿಯಲ್ಲಿ ಲಾರಿಯವರನ್ನು ಕರೆಯುವ ದನಿ ಆ ಸದ್ದಿಲ್ಲದ ಕಟ್ಟಡದಲ್ಲಿ ಮೊಳಗಿತು. ಸೂಲ್ವಾಯ್ ಮಾತ್ರ ಅಲ್ಲ, ಪಕ್ಕದ ಕೋಣೆಯವರೆಲ್ಲ ಕರಡಿ ಬಂತು ಅಂದುಕೊಂಡು ಕಾಲುಚೀಲದಲ್ಲಿ ಓಡಿ ಬಂದರು.

ಸೂಲ್ವಾಯ್ ನೋಡಿದರು. ಜೀವ ಮಗ್ಗುಲಾಗಿ ಮಲಗಿತ್ತು. ಮೇಲಿಟ್ಟ ತೆಳು ಗಾಜನ್ನು ಮೆಲ್ಲಗೆ ತಟ್ಟಿ ಅದನ್ನು ಉರುಳಿಸಬೇಕು. ಜೋರಾದರೆ ಒಡೆದೇ ಹೋಗುತ್ತದೆ, ಇರುವುದು ಅದೊಂದೇ. ಅವರು ಪೆನ್ಸಿಲಿನ ಹಿಂದಿನ ರಬ್ಬರಿನಿಂದ ಒಂದು ಸಲ ತಟ್ಟಿದರು. ಕಾದರು. ಇನ್ನೊಂದು ಸಲ. ಗಿರಿಜಾ ನನ್ನ ತೋಳನ್ನು ಎಡಗೈಯಲ್ಲಿ ಹಿಡಿದಿದ್ದಳು. ಆ ಗುರುತು ಮರುದಿನವೂ ಇತ್ತು.

“ಐದು,” ಅಂದರು ಸೂಲ್ವಾಯ್. ಇನ್ನೊಮ್ಮೆ ಬಗ್ಗಿ ನೋಡಿ, “ಕವಲು ಇದೆ. ಆದರೆ ಇದೊಂದೇ ಹೀಗಿರಬಹುದು.”

ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಅದನ್ನು ಹೀರಿ ಬೇರೆ ಹನಿಗೆ ಬಿಟ್ಟರು.

ಹೊರಡುವ ದಿನ

ಚಳಿಯ ಜೀವಗಳಿಗೆ ಯಾವ ಅವಸರವೂ ಇಲ್ಲ. ನಮ್ಮ ಸೂಟ್‌ಕೇಸುಗಳು ಅತಿಥಿಗೃಹದ ಬಾಗಿಲಿಗೆ ಬಂದಿದ್ದವು. ಬೆಳಿಗ್ಗೆ ಕೊನೆಯ ಸಲ ನೋಡಿ ಬರೋಣ ಅಂತ ಹೋದರೆ, ಅದರ ಸೊಂಟ ಉದ್ದವಾಗಿತ್ತು.

“ಒಡೀತಾ ಇದೆ,” ಅಂದಳು ಗಿರಿಜಾ. ಇದೂ ಹೋಯಿತಲ್ಲ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಸಾಯುವುದಲ್ಲ, ಎರಡಾಗುವುದು.

ದೀಪದ ಶಾಖ ತಾಗಬಾರದೆಂದು ಆಗಾಗ ಅಷ್ಟಷ್ಟು ಹೊತ್ತು ಮಾತ್ರ ನೋಡಿದೆವು, ಸರದಿಯ ಮೇಲೆ. ನಡುವೆ ಬೇರ್ಪಟ್ಟ ಎರಡು ಅರ್ಧಗಳು. ಪ್ರತಿಯೊಂದರ ಕತ್ತರಿಸಿದ ಕಡೆಯಿಂದ ಒಂದು ಸಣ್ಣ ಗುಳ್ಳೆ ಉಬ್ಬಿತು, ಹಾಲು ಉಕ್ಕುವ ಮುಂಚಿನ ಗುಳ್ಳೆಯ ಹಾಗೆ, ನುಣ್ಣಗೆ, ಏನೂ ಕೆತ್ತದ ಕಲ್ಲಿನ ಹಾಗೆ. ಗುಳ್ಳೆ ದೊಡ್ಡದಾಯಿತು. ಇನ್ನೊಮ್ಮೆ ನನ್ನ ಸರದಿ ಬಂದಾಗ ಅದರ ಅಂಚು ಅಲ್ಲಲ್ಲಿ ನೂಕಿಕೊಂಡು ಬರುತ್ತಿತ್ತು. ಉಳಿ ಇಲ್ಲ, ಚಾಣ ಇಲ್ಲ, ಒಳಗಿನಿಂದಲೇ ಕೆತ್ತನೆ ಹೊರಗೆ ಬರುತ್ತಿತ್ತು. ನನಗೆ ಕೈ ಮುಗಿಯಬೇಕು ಅನ್ನಿಸಿತು, ಆದರೆ ಒಂದು ಕೈ ತಿರುಪಿನ ಮೇಲಿತ್ತು.

“ಇದ್ರಲ್ಲಿ ತಾಯಿ ಯಾವ್ದು ಗಿರಿಜಾ, ಮಗಳು ಯಾವ್ದು?”

ಅವಳು ಯೋಚಿಸಿದಳು. “ಎರಡೂ ಅರ್ಧ ತಾಯಿ, ಅರ್ಧ ಮಗಳು, ಅತ್ತಿಗೆ. ಹಳೇ ಅರ್ಧ ಹಂಗೇ ಇರುತ್ತೆ. ಹೊಸ ಅರ್ಧಾನ ಪ್ರತಿಸಲ ಹೊಸದಾಗಿ ಮಾಡ್ಕೊಳುತ್ತೆ. ಈ ಹಳೇ ಅರ್ಧ ಎಷ್ಟು ಹಳೇದು ಅಂತ ಯಾರಿಗೂ ಗೊತ್ತಿಲ್ಲ.”

ಹೊತ್ತು ಹೋಯಿತು. ಗಾಡಿಯವರು ಎ‌ರಡು ಸಲ ಫೋನ್ ಮಾಡಿದರು. ಸೂಲ್ವಾಯ್ ಕೊನೆಯ ಸಲ ಕೂತರು. ತಟ್ಟಿ ಉರುಳಿಸಿದರು. ಹೊಸ ಅರ್ಧದ ನೆತ್ತಿ ಮೇಲಾಯಿತು. ಒಂದೊಂದೇ ಮೂಲೆ ಎಣಿಸಿದರು. ಆಮೇಲೆ ಎದ್ದು, ಗಿರಿಜಾಳನ್ನು ತಮ್ಮ ಜಾಗದಲ್ಲಿ ಕೂರಿಸಿ, ಅವಳ ಹೆಗಲ ಮೇಲೆ ಕೈಯಿಟ್ಟರು.

“ಐದು,” ಅಂದರು. “ಐದಕ್ಕೂ ಕವಲು. ಒಪ್ಪಿದೆ.”

ಗಿರಿಜಾ ಅಳಲಿಲ್ಲ. ಅತ್ತದ್ದು ನಾನು, ಅದೂ ಕೋಟಿನ ತೋಳಿಗೆ ಮೂಗು ಒರೆಸಿಕೊಂಡು, ಸಿಸ್ಟರುಗಳು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಒಂದು ಮಾತು ಬಾಕಿ ಇತ್ತು. ಎರಡು ಜೀವ ಆಗಿದೆಯಲ್ಲ, ಒಂದನ್ನು ಊರಿಗೆ ಒಯ್ಯಬಹುದು ಅಂತ ಸೂಲ್ವಾಯ್ ಐಸಿನ ಪೆಟ್ಟಿಗೆ ತಂದಿಟ್ಟಿದ್ದರು. ಗಿರಿಜಾ ಪೆಟ್ಟಿಗೆ ನೋಡಿದಳು. ಎರಡೂ ಇಲ್ಲೇ ಇರಲಿ ಅಂದಳು. “ನಿಮ್ಮ ಹತ್ತಿರ ಬೆಳೆಯಲಿ. ನೂರಾಗಲಿ, ಸಾವಿರ ಆಗಲಿ. ಆಮೇಲೆ ಬೇಕಾದವರಿಗೆಲ್ಲ ಕಳಿಸಿ.” ತಾನು ಹೊತ್ತು ತಂದು, ಕಳೆದುಕೊಂಡು, ಮತ್ತೆ ಹುಡುಕಿದ್ದನ್ನು ಅಲ್ಲೇ ಬಿಟ್ಟು, ಕೈಬೀಸಿಕೊಂಡು ಬಾಗಿಲಿಗೆ ಬಂದಳು. ಬಗ್ಗಿ ಅವಳ ಶೂ ಲೇಸು ಕಟ್ಟುವಾಗ ಅವಳು ತಣ್ಣನೆ ಕೋಣೆಯ ಕಡೆಗೇ ತಿರುಗಿ ನೋಡುತ್ತಿದ್ದಳು.

ಮತ್ತೆ ಮನೆ

ಬಂದು ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಗಿರಿಜಾ ಬೇಲೂರಿನಿಂದ ಬಂದಳು. ಪಟ್ಟು ಬಿಚ್ಚಿದ್ದರು, ಕೈ ಬೆಳ್ಳಗೆ ಸಣ್ಣಗಾಗಿತ್ತು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ವಂಶದ ಪರೀಕ್ಷೆಯ, ಅದೇ ಡಿಎನ್ಎ ಅಂತಾರಲ್ಲ, ಅದರ ಫಲ ಬಂದಿದೆ ಅಂದಳು. ಅದು ಯಾರ ಮನೆಯದೂ ಅಲ್ಲ, ಬೇರೆಯದೇ ಕವಲು, ಹೊಸದು. ಅಲ್ಲಿ ಬುಡ್ಡಿ ತುಂಬ ಹಸಿರಾಗಿದೆಯಂತೆ.

“ಹೆಸರು?” ಅಂದೆ.

“ಇಟ್ಟಿದೀವಿ. ಆದ್ರೆ ಹೇಳೋ ಹಂಗಿಲ್ಲ ಅತ್ತಿಗೆ. ಲಕ್ಷಣ ಎಲ್ಲಾ ಬರೆದು ಅಚ್ಚಾಗೋ ಮುಂಚೆ ಹೆಸರು ಆಚೆ ಬಂದ್ರೆ ಅದನ್ನ ಬೆತ್ತಲೆ ಹೆಸರು ಅಂತಾರೆ. ಲೆಕ್ಕಕ್ಕಿಲ್ಲ.”

“ನನಗೂ ಹೇಳಲ್ವೇನೇ?”

ಅವಳು ಬಾಗಿಲ ಕಡೆ ನೋಡಿದಳು. ನಮ್ಮಲ್ಲಿ ಮಗುವಿನ ಹೆಸರನ್ನು ಮೊದಲು ಅದರ ಕಿವಿಯಲ್ಲಿ ಹೇಳುವವಳು ಸೋದರತ್ತೆ. ನನ್ನ ಇಬ್ಬರು ಮಕ್ಕಳ ಕಿವಿಯಲ್ಲೂ ಹೇಳಿದವಳು ಇವಳೇ. ಹತ್ತಿರ ಬಂದು, ಒಲೆಯ ಶಾಖದಲ್ಲಿ ನನ್ನ ಕಿವಿಗೆ ಬಾಯಿಟ್ಟು, ತೊಟ್ಟಿಲ ಮುಂದೆ ಅನ್ನುವ ಹಾಗೆಯೇ ಮೂರು ಸಲ “ಕುರ್ರ್” ಅಂದು, ಹೇಳಿದಳು.

“ಏನದು ಗುಸುಗುಸು?” ಅಂತ ನಡುಮನೆಯಿಂದ ನಮ್ಮ ಯಜಮಾನರು.

“ಏನಿಲ್ಲ ಕಣಣ್ಣ, ಪಾಚಿ ವಿಷಯ.”

“ಒಂದು ಪಾಚಿಗೆ ಎಷ್ಟು ಬಿಂಕ ಕಣ್ರೇ ನಿಮ್ದು!”

ಹೆಸರು ಅಚ್ಚಾಗುವವರೆಗೆ ನಾನು ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಾಯೊಳಗೇ ಇಟ್ಟುಕೊಂಡಿದ್ದೇನೆ. ಇನ್ನೂ ತಣ್ಣಗಿದೆ.